ಫ್ರೀ ಸೀಟು ಅಂದ್ರೆ ಎಷ್ಟು ವರ್ಷ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಡಿಕಲ್ ಸೀಟಿನದ್ದೇ. ಕಕ್ಕಡ ತಿಂಗಳು ಬಂತು ಅಂದ್ರೆ ಕೊಡಗಿನಲ್ಲಿ ಹೊರಗೆ ಮಳೆ, ಒಳಗೆ ನೀಟ್ ಬರೆದ ಮಕ್ಕಳು ಕಿಟಕಿ ಹತ್ತಿರ ಮೊಬೈಲ್ ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುವುದು. ಮೂರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಡಾಕ್ಟ್ರಮ್ಮ, ನಮಸ್ಕಾರ. ನಮ್ಮದು ಮೂರೆಕರೆ ಕಾಫಿ ತೋಟ. ಮಗಳು ನೀಟ್ ಬರೆದಿದ್ದಾಳೆ, ಸರ್ಕಾರಿ ಸೀಟು ಸಿಗಬಹುದು ಅಂತ ಅವಳ ಮೇಷ್ಟ್ರು ಹೇಳಿದ್ದಾರೆ. ಮೊದಲ ಸುತ್ತಿನ ಪಟ್ಟಿ ಇನ್ನೂ ಬಂದಿಲ್ಲ, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಮಿಲಿಟರಿಯಿಂದ ರಿಟೈರ್ ಆದ ನಮ್ಮ ಭಾವ, ಪುಣೆಯ ಮಿಲಿಟರಿ ಮೆಡಿಕಲ್ ಕಾಲೇಜಿಗೆ ಸೇರಿಸಿ, ಒಂದು ರೂಪಾಯಿ ಖರ್ಚಿಲ್ಲ ಅನ್ನುತ್ತಾರೆ. ನಾದಿನಿ, ಮುದ್ದೇನಹಳ್ಳಿಯಲ್ಲಿ ಊಟ, ಹಾಸ್ಟೆಲ್ ಎಲ್ಲ ಫ್ರೀ ಅನ್ನುತ್ತಾಳೆ. ಮಗಳಿಗೆ ಎಲ್ಲಾದರೂ ಸರಿ, ಮಡಿಕೇರಿ ಮಾತ್ರ ಬೇಡವಂತೆ! ಯಜಮಾನರು ಮೆಣಸು ಮಾರದೆ ಇಟ್ಟಿದ್ದಾರೆ, ಈಗಲೇ ಮಾರಬೇಕಾ? ಫ್ರೀ ಅಂದ್ರೆ ನಿಜವಾಗ್ಲೂ ಫ್ರೀನಾ?
– ಹೆಸರು ಬೇಡ, ಶನಿವಾರಸಂತೆ

ಉತ್ತರ: ಮೆಣಸಿನಿಂದಲೇ ಶುರು ಮಾಡೋಣ, ಯಾಕೆಂದರೆ ನಿಮ್ಮ ಲೆಕ್ಕ ಅಲ್ಲೇ ಇದೆ. ನಮ್ಮ ರಾಜ್ಯದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವರ್ಷದ ಫೀಸು ಸುಮಾರು 60 ಸಾವಿರ. ಕೆಜಿಗೆ 600 ರೂಪಾಯಿ ಸಿಕ್ಕಿದರೂ ಒಂದು ಕ್ವಿಂಟಾಲ್ ಮೆಣಸಿಗೆ ಒಂದು ವರ್ಷದ ಫೀಸು ಆಯಿತು. ಹಾಸ್ಟೆಲ್, ಊಟ, ಪುಸ್ತಕಕ್ಕೆ ಇನ್ನೊಂದಷ್ಟು. ಹಾಗಾಗಿ ಗಾಬರಿ ಬಿದ್ದು ಮಳೆಗಾಲದಲ್ಲಿ ಸಿಕ್ಕ ರೇಟಿಗೆ ಎಲ್ಲ ಮೂಟೆ ಖಾಲಿ ಮಾಡಬೇಡಿ. ಸೀಟು ಬಂದ ಮೇಲೆ ಫೀಸು ಕಟ್ಟಲು ಕೊಡುವ ದಿನ ಬಹಳ ಕಡಿಮೆ, ಅಷ್ಟಕ್ಕೆ ಬೇಕಾದ ದುಡ್ಡು ಬ್ಯಾಂಕಿನಲ್ಲಿರಲಿ, ಸಾಕು. ಕಾಫಿ ದುಡ್ಡು ಬರುವುದು ಜನವರಿ ಮೇಲೆ, ಕಾಲೇಜು ಫೀಸು ಕೇಳುವುದು ಮಳೆಗಾಲದಲ್ಲಿ. ನಮ್ಮ ಜಿಲ್ಲೆಯ ಅಪ್ಪಂದಿರ ಬಿಪಿ ಏರುವುದು ಈ ನಡುವಿನ ಆರು ತಿಂಗಳಲ್ಲೇ.

ಈಗ ಫ್ರೀ ವಿಷಯ. ದುಡ್ಡು ತಗೊಳ್ಳದ ಕಾಲೇಜು ಬೇರೇನೋ ತಗೊಳ್ಳುತ್ತದೆ, ಸಾಮಾನ್ಯವಾಗಿ ವರ್ಷಗಳನ್ನು. ಅದು ತಪ್ಪಲ್ಲ, ಮೋಸವೂ ಅಲ್ಲ. ಆದರೆ ಎಷ್ಟು ವರ್ಷ, ಎಲ್ಲಿ ಅಂತ ಸಹಿ ಹಾಕುವ ಮೊದಲೇ ಕೇಳಬೇಕು. ಬೆಲೆ ಕೇಳದೆ ಶನಿವಾರಸಂತೆಯಲ್ಲಿ ಬಾಳೆಗೊನೆ ಕೂಡ ತಗೊಳ್ಳದ ನಾವು, ಬಾಂಡ್ ಪೇಪರಿಗೆ ಮಾತ್ರ ಓದದೇ ಸಹಿ ಹಾಕುತ್ತೇವೆ.

ಪುಣೆಯ ಎಎಫ್‌ಎಂಸಿ ಬಹಳ ಒಳ್ಳೆಯ ಕಾಲೇಜು, ನಿಮ್ಮ ಭಾವ ಹೇಳಿದ್ದು ನಿಜ, ಅಲ್ಲಿ ಟ್ಯೂಷನ್ ಫೀಸು ಇಲ್ಲ. ಆದರೆ ಓದು ಮುಗಿದ ಮೇಲೆ ಸೇನೆಯ ವೈದ್ಯಕೀಯ ಸೇವೆಗೆ ಹೋಗಲೇಬೇಕು, ಶಾರ್ಟ್ ಸರ್ವೀಸ್ ಅಂದರೂ ಏಳು ವರ್ಷ. ಬೇಡ ಅಂತ ಬಿಟ್ಟು ಬಂದರೆ ಕಟ್ಟಬೇಕಾದ ಬಾಂಡ್ ಮೊತ್ತ 60 ಲಕ್ಷ ದಾಟುತ್ತದೆ. ನಿಮ್ಮ ಮಗಳಿಗೆ ಈಗ 18 ಇರಬಹುದು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಅಲ್ಲಿಗೆ 23, 24. ಅದರ ಮೇಲೆ ಏಳು. ಮೂವತ್ತು ದಾಟುವವರೆಗೆ ಎಲ್ಲಿ ಇರಬೇಕು ಅಂತ ಸೇನೆ ಹೇಳುತ್ತದೆ, ಲೇಹ್ ಆಗಬಹುದು, ತೇಜ್‌ಪುರ ಆಗಬಹುದು. ಕೆಲವು ಮಕ್ಕಳಿಗೆ ಇದನ್ನು ಕೇಳಿದರೇ ಕಣ್ಣು ಅರಳುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ನಮ್ಮದು, ಸಮವಸ್ತ್ರದ ಆಸೆ ಇಲ್ಲಿ ಹೊಸದಲ್ಲ. ಆದರೆ ಆ ಆಸೆ ಯಾರದ್ದು? ಮಗಳದ್ದಾ, ಭಾವನದ್ದಾ? ಇದೊಂದನ್ನು ಭಾವ ಎದುರಿಗಿಲ್ಲದಾಗ ಅವಳ ಹತ್ತಿರ ಕೇಳಿ.

ಮತ್ತೆ, ಅಲ್ಲಿ ಹುಡುಗಿಯರಿಗೆ ಇರುವುದು ವರ್ಷಕ್ಕೆ 30 ಸೀಟು, ಇಡೀ ದೇಶಕ್ಕೆ. ನೀಟ್ ರ‍್ಯಾಂಕ್ ಒಂದೇ ಸಾಲದು. ದೇಶದ ಮಟ್ಟದಲ್ಲಿ ಮೆಡಿಕಲ್ ಸೀಟು ಹಂಚುವ ಎಂಸಿಸಿಯ ವೆಬ್‌ಸೈಟಿನಲ್ಲಿ ನೋಂದಣಿ ಮಾಡಿ ಎಎಫ್‌ಎಂಸಿ ಬೇಕು ಅಂತ ಗುರುತು ಹಾಕಿರಬೇಕು. ಆಮೇಲೆ ಇಂಗ್ಲಿಷ್ ಮತ್ತು ತರ್ಕದ ಇನ್ನೊಂದು ಪರೀಕ್ಷೆ, ಸಂದರ್ಶನ, ಮೆಡಿಕಲ್ ಫಿಟ್‌ನೆಸ್. ಮಗಳು ಗುರುತು ಹಾಕಿಯೇ ಇಲ್ಲ ಅಂದರೆ ಈ ವರ್ಷದ ಮಟ್ಟಿಗೆ ಈ ಚರ್ಚೆ ಸುಮ್ನೆ.

ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಶ್ರೀ ಮಧುಸೂದನ ಸಾಯಿ ಮೆಡಿಕಲ್ ಕಾಲೇಜು ಹೊಸದು, 2023ರಲ್ಲಿ ಶುರುವಾಯಿತು. ಅಲ್ಲಿ ಓದಿಗೆ ಫೀಸಿಲ್ಲ. ಹಳ್ಳಿಗಳಲ್ಲಿ ಕೆಲಸ ಮಾಡುವ ಡಾಕ್ಟರು ಬೇಕು ಅಂತಲೇ ಕಟ್ಟಿದ ಕಾಲೇಜು ಅದು, ಸೇವೆಯ ಷರತ್ತನ್ನು ಈ ವರ್ಷದ ಸೂಚನೆಯಲ್ಲೇ ಓದಿ, ಹೋದ ವರ್ಷ ಯಾರೋ ಹೇಳಿದ್ದನ್ನು ನಂಬಬೇಡಿ. ಸಾಯಿ ಸಂಸ್ಥೆಗಳಲ್ಲಿ ಊಟ ಸಸ್ಯಾಹಾರ, ಶಿಸ್ತು ಜಾಸ್ತಿ. ಐದೂವರೆ ವರ್ಷ ಪಂದಿ ಕರಿ ಇಲ್ಲದೆ ಇರಬಲ್ಲಳಾ ಅಂತ ಕೇಳಿದರೆ ನೀವು ನಗಬಹುದು, ಆದರೆ ಹಾಸ್ಟೆಲ್ ಬಿಟ್ಟು ಓಡಿ ಬಂದ ಮಕ್ಕಳಲ್ಲಿ ಪಾಠ ಕಷ್ಟ ಅಂತ ಬಂದವರಿಗಿಂತ ಊಟ ಸೇರದೆ ಬಂದವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಇನ್ನು ಮಡಿಕೇರಿ. 2016ರಲ್ಲಿ ಶುರುವಾದ ನಮ್ಮ ಜಿಲ್ಲೆಯ ಸರ್ಕಾರಿ ಕಾಲೇಜು, ವರ್ಷಕ್ಕೆ 150 ಸೀಟು. ಮನೆಗೆ ಹತ್ತಿರ ಅಂತ ಮಗಳು ಬೇಡ ಅನ್ನುತ್ತಿದ್ದಾಳೆ, ಅಲ್ವಾ? ಆ ವಯಸ್ಸಿನಲ್ಲಿ ನಾನೂ ಅಂದಿದ್ದೆ. ತಪ್ಪೇನಿಲ್ಲ, ಮೈಸೂರು, ಬೆಂಗಳೂರು, ಹುಬ್ಬಳ್ಳಿ ಮೇಲೆ ಹಾಕಲಿ, ಮಡಿಕೇರಿ ಕೆಳಗಿರಲಿ. ಆದರೆ ಪಟ್ಟಿಯಲ್ಲಿ ಇರಲಿ. ಆಪ್ಷನ್ ಎಂಟ್ರಿಯಲ್ಲಿ ಬರೆಯದ ಕಾಲೇಜು ಯಾವತ್ತೂ ಸಿಗುವುದಿಲ್ಲ, ಬರೆದ ಕಾಲೇಜು ಕ್ರಮದಲ್ಲಿ ಸಿಗುತ್ತದೆ. ಸರ್ಕಾರಿ ಸೀಟಿಗೂ ಒಂದು ವರ್ಷದ ಗ್ರಾಮೀಣ ಸೇವೆಯ ಕಾನೂನು ಇದೆ, ಖಾಲಿ ಹುದ್ದೆ ಇದ್ದಷ್ಟು ಜನರನ್ನು ಕಳಿಸುತ್ತಾರೆ, ಸಂಬಳ ಕೊಡುತ್ತಾರೆ. ಕಡ್ಡಾಯ ಆಗುವ ಮೊದಲೇ ನಾನು ಹಳ್ಳಿ ಆಸ್ಪತ್ರೆಯಲ್ಲಿದ್ದವಳು. ಕರೆಂಟಿಲ್ಲದ ರಾತ್ರಿ ಆಯಾ ಟಾರ್ಚ್ ಹಿಡಿದು ನಿಂತಿದ್ದಳು, ಅವಳ ಕೈ ನಡುಗಿ ಬೆಳಕು ಗೋಡೆ ಮೇಲೆಲ್ಲ ಓಡಾಡುತ್ತಿತ್ತು, ಮಗು ಮಾತ್ರ ಯಾವ ಬೆಳಕಿಗೂ ಕಾಯದೆ ಬಂದುಬಿಟ್ಟಿತು. ದೊಡ್ಡ ಆಸ್ಪತ್ರೆಯಲ್ಲಿ ಹತ್ತು ಜನರ ಹಿಂದೆ ನಿಂತು ನೋಡಿದ್ದಕ್ಕಿಂತ ಆ ಒಂದು ವರ್ಷದಲ್ಲಿ ಕಲಿತದ್ದು ಜಾಸ್ತಿ.

ನನ್ನನ್ನು ಕೇಳಿದರೆ, ಸೇನೆ ನಿಜಕ್ಕೂ ಇಷ್ಟ ಇದ್ದರೆ ಮಾತ್ರ ಪುಣೆ. ಇಲ್ಲವಾದರೆ ಕ್ವಿಂಟಾಲ್ ಮೆಣಸಿಗೆ ಸಿಗುವ ಓದನ್ನು ಉಳಿಸಲು ಏಳು ವರ್ಷ ಅಡ ಇಡಬೇಡಿ. ಖಾಸಗಿ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಲಕ್ಷದ ಮೇಲೆ ಕಟ್ಟುವ ಪರಿಸ್ಥಿತಿ ಇದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಕಾಯುವುದರ ಬಗ್ಗೆ ಒಂದು ಮಾತು. ನಮ್ಮ ಕಾಲದಲ್ಲಿ ಸಂದರ್ಶನದ ಪತ್ರ ಅಂಚೆಯಲ್ಲಿ ಬರುತ್ತಿತ್ತು. ಭಾಗಮಂಡಲದಲ್ಲಿ ನೀರು ಏರಿ ರಸ್ತೆ ಬಂದ್, ನಾಲ್ಕು ದಿನ ಪೋಸ್ಟ್‌ಮ್ಯಾನ್ ಇಲ್ಲ. ಐದನೇ ದಿನ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಬಂದ. ಪತ್ರ ಪ್ಲಾಸ್ಟಿಕ್ ಕವರಿನೊಳಗೆ, ಸಂದರ್ಶನ ಮಾರನೇ ದಿನ! ಅಪ್ಪ ಅದೇ ಒದ್ದೆ ಬಟ್ಟೆಯಲ್ಲಿ ಜೀಪು ಹುಡುಕಲು ಹೋದರು. ಈಗ ಪೋಸ್ಟ್‌ಮ್ಯಾನ್ ಬದಲು ಸರ್ವರ್. ಕೊನೆಯ ದಿನದವರೆಗೆ ಕಾಯಬೇಡಿ, ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ ಅಂತ ನಿಮಗೇ ಗೊತ್ತು. ಆಪ್ಷನ್ ಬದಲಾಯಿಸುವುದಿದ್ದರೆ ಕುಶಾಲನಗರದ ಸೈಬರಿಗೆ ಎರಡು ದಿನ ಮೊದಲೇ ಹೋಗಿ ಮುಗಿಸಿ. ಸೀಟು ಬಂದಾಗ ಚಾಯ್ಸ್ 2 ಅಂದರೆ ಸೀಟು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು, ಚಾಯ್ಸ್ 3 ಅಂದರೆ ಸೀಟು ಬಿಟ್ಟು ಕಾಯುವುದು. ಈ ಎರಡನ್ನು ಅದಲು ಬದಲು ಒತ್ತಿ ಅತ್ತವರನ್ನು ಬಲ್ಲೆ. ಒತ್ತುವಾಗ ಮಗಳ ಪಕ್ಕದಲ್ಲಿ ಕೂತಿರಿ.

ಪ್ರಶ್ನೆ: ಮೊಮ್ಮಗ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಡಾಕ್ಟರ್ ಓದಲು ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಸಾಲ ಮಾಡಬೇಕು. ನ್ಯೂಯಾರ್ಕಿನ ಫ್ರೀ ಕಾಲೇಜಿನಲ್ಲಿ ವೇಟಿಂಗ್ ಲಿಸ್ಟ್. ಹೋದ ವರ್ಷ ಅರ್ಜಿ ಹಾಕಿದವನು ಇನ್ನೂ ಕಾಯುತ್ತಿದ್ದಾನೆ. ಅಮೆರಿಕದಲ್ಲಿ ಫ್ರೀ ಓದು ಅಂದರೆ ನಂಬಿಕೆ ಬರುವುದಿಲ್ಲ. ಫೋನ್ ಮಾಡಿದರೆ "ತಾತ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಾನೆ.
– ನಿವೃತ್ತ ಶಿಕ್ಷಕ, ಗೋಣಿಕೊಪ್ಪ

ಉತ್ತರ: ನಂಬಿ ಸರ್, ನಿಜ. ನ್ಯೂಯಾರ್ಕ್ ಯೂನಿವರ್ಸಿಟಿಯ ಮೆಡಿಕಲ್ ಕಾಲೇಜು 2018ರ ಆಗಸ್ಟಿನಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಟ್ಯೂಷನ್ ತೆಗೆದುಹಾಕಿತು, ಮನೆಯ ಆದಾಯ ಎಷ್ಟಿದ್ದರೂ ಸರಿ. ಅದೇ ಊರಿನ ಬ್ರಾಂಕ್ಸ್‌ನಲ್ಲಿರುವ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜಿಗೆ ಅಲ್ಲೇ ಪಾಠ ಮಾಡಿದ್ದ ರೂತ್ ಗಾಟ್ಸ್‌ಮನ್ ಎಂಬ ಹಿರಿಯಮ್ಮ 2024ರಲ್ಲಿ 100 ಕೋಟಿ ಡಾಲರ್ ಕೊಟ್ಟರು, ಅಲ್ಲೂ ಈಗ ಫ್ರೀ. ಅದೇ ವರ್ಷ ಜಾನ್ಸ್ ಹಾಪ್‌ಕಿನ್ಸ್‌ಗೆ ಮೈಕೆಲ್ ಬ್ಲೂಮ್‌ಬರ್ಗ್ ಅವರ ಸಂಸ್ಥೆ ಅಷ್ಟೇ ಕೊಟ್ಟಿತು, ಅಲ್ಲಿ ಮಾತ್ರ ವರ್ಷಕ್ಕೆ 3 ಲಕ್ಷ ಡಾಲರಿಗಿಂತ ಕಡಿಮೆ ಆದಾಯದ ಮನೆಯವರಿಗೆ.

ನಮ್ಮ ಹಾಗೆ ಬಾಂಡ್ ಇಲ್ಲ, ಅದೇ ದೊಡ್ಡ ವ್ಯತ್ಯಾಸ. ನಮ್ಮ ಎಎಫ್‌ಎಂಸಿ ತರಹದ್ದು ಅಲ್ಲೂ ಒಂದಿದೆ, ಸೇನೆಯ ಯೂನಿವರ್ಸಿಟಿ, ಅಲ್ಲಿ ಓದುವಾಗಲೇ ಸಂಬಳ, ಆಮೇಲೆ ಏಳು ವರ್ಷ ಸೇವೆ. ಏಳು ಅನ್ನುವ ಸಂಖ್ಯೆಯ ಮೇಲೆ ಎರಡೂ ದೇಶದ ಸೇನೆಗೆ ಏನು ಪ್ರೀತಿಯೋ! ಆದರೆ ನ್ಯೂಯಾರ್ಕಿನ ಕಾಲೇಜು ಬಿಡುವುದು ಟ್ಯೂಷನ್ ಮಾತ್ರ, ಮನೆ ಬಾಡಿಗೆ, ಊಟ ಅಲ್ಲ, ಮತ್ತು ಬಾಡಿಗೆ ಅಲ್ಲಿ ಕಮ್ಮಿ ಅಲ್ಲ. ಸಾಲ ಆಗುತ್ತದೆ, ಸಣ್ಣದಾಗುತ್ತದೆ ಅಷ್ಟೇ.

ಅವನು ಯಾಕೆ ಫೋನ್ ಇಡುತ್ತಾನೆ ಅಂತ ಹೇಳುತ್ತೇನೆ. ಅಲ್ಲಿ ನಮ್ಮ ಹಾಗೆ ರ‍್ಯಾಂಕ್ ಪಟ್ಟಿ ಇಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ, ಬೇಸಿಗೆಯಲ್ಲಿ ಅರ್ಜಿ, ಒಂದೊಂದು ಕಾಲೇಜಿನ ಬೇರೆ ಬೇರೆ ಸಂದರ್ಶನ, ಉತ್ತರ ಅಕ್ಟೋಬರಿನಿಂದ ಶುರುವಾಗಿ ಮುಂದಿನ ವರ್ಷದ ಬೇಸಿಗೆವರೆಗೆ ಬರುತ್ತಲೇ ಇರುತ್ತದೆ. ಒಂದಕ್ಕಿಂತ ಜಾಸ್ತಿ ಸೀಟು ಸಿಕ್ಕಿದವರು ಏಪ್ರಿಲ್ ಕೊನೆಗೆ ಒಂದನ್ನು ಇಟ್ಟುಕೊಂಡು ಉಳಿದದ್ದು ಬಿಡುತ್ತಾರೆ, ಆಗ ವೇಟಿಂಗ್ ಲಿಸ್ಟ್ ಅಲುಗಾಡುತ್ತದೆ. ಕ್ಲಾಸು ಶುರುವಾಗುವ ಹೊತ್ತಿಗೂ ಕರೆ ಬರುವುದುಂಟು. ಆದರೆ ಈಗ ಕಕ್ಕಡ, ಅಂದರೆ ಜುಲೈ ದಾಟುತ್ತಿದೆ. ಸಿಕ್ಕ ಸೀಟಿಗೆ ಬಾಡಿಗೆ ಮನೆ ಹಿಡಿದು ಹೊರಡಲು ಹೇಳಿ, ಕರೆ ಬಂದರೆ ಬರಲಿ. ಇಷ್ಟು ತಿಂಗಳಿಂದ ಸಿಕ್ಕವರೆಲ್ಲ ಅವನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ. ನೀವು ಅದನ್ನು ಬಿಟ್ಟು, ತೋಟಕ್ಕೆ ಆನೆ ಬಂದ ಕತೆ ಹೇಳಿ ನೋಡಿ. ಫೋನ್ ಇಡುವುದಿಲ್ಲ.

ಪ್ರಶ್ನೆ: ಮೇಡಂ, ನನ್ನ ರ‍್ಯಾಂಕಿಗೆ ಸರ್ಕಾರಿ ಸೀಟು ಡೌಟು. ಒಬ್ಬರು ದಿನಾ ಫೋನ್ ಮಾಡಿ, ಐದು ಲಕ್ಷ ಅಡ್ವಾನ್ಸ್ ಕೊಟ್ಟರೆ ಖಾಸಗಿ ಕಾಲೇಜಿನಲ್ಲಿ ಸೀಟು ಗ್ಯಾರಂಟಿ ಅನ್ನುತ್ತಿದ್ದಾರೆ. ಅಪ್ಪ ನಮ್ಮ ಮನೆತನದ ಜಮ್ಮಾ ಜಮೀನು ಅಡ ಇಟ್ಟು ಕೊಡುತ್ತೇನೆ ಅನ್ನುತ್ತಾರೆ. ನಾನು ದಿನಕ್ಕೆ ಐವತ್ತು ಸಲ ವೆಬ್‌ಸೈಟ್ ನೋಡುತ್ತೇನೆ.
– ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ಕೊಡಬೇಡಿ. ಕರ್ನಾಟಕದಲ್ಲಿ ಖಾಸಗಿ ಕಾಲೇಜಿನ ಎಂಬಿಬಿಎಸ್ ಸೀಟೂ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಮೂಲಕವೇ ಹಂಚಿಕೆ ಆಗುತ್ತದೆ, ಡೀಮ್ಡ್ ಯೂನಿವರ್ಸಿಟಿಗಳದ್ದು ಎಂಸಿಸಿ ಮೂಲಕ. ಫೋನಿನಲ್ಲಿರುವ ಮನುಷ್ಯನ ಕೈಯಲ್ಲಿ ಸೀಟಿಲ್ಲ. ನಿನ್ನ ರ‍್ಯಾಂಕಿಗೆ ತಾನಾಗಿ ಸೀಟು ಬಂದರೆ ನಾನೇ ಕೊಡಿಸಿದ್ದು ಅನ್ನುತ್ತಾನೆ, ಬರದಿದ್ದರೆ ಸಿಮ್ ಬದಲಾಯಿಸುತ್ತಾನೆ.

ಜಮ್ಮಾ ಜಮೀನಿನ ದಾಖಲೆಯಲ್ಲಿ ಪಟ್ಟೆದಾರರ (ಮನೆತನದ ಹಿರಿಯರ) ಹೆಸರು, ಒಕ್ಕದವರ, ಅಂದರೆ ಮನೆತನದವರ ಹೆಸರು ಎಲ್ಲ ಇರುವುದುಂಟು, ಅಪ್ಪ ಒಬ್ಬರೇ ಹೋದರೆ ಬ್ಯಾಂಕಿನವರು ಸುಲಭಕ್ಕೆ ಒಪ್ಪುವುದಿಲ್ಲ, ಕೈಸಾಲದವರು ಮಾತ್ರ ಒಪ್ಪುತ್ತಾರೆ. ಅದೇ ಭಯ. ಸೀಟು ಬಂದ ಮೇಲೆ ಶಿಕ್ಷಣ ಸಾಲ ಕೇಳಿ, ಏಳೂವರೆ ಲಕ್ಷದವರೆಗೆ ಅಡಮಾನ ಇಲ್ಲದೆ ಕೊಡುವ ಕೇಂದ್ರದ ಗ್ಯಾರಂಟಿ ಯೋಜನೆ ಇದೆ. ಅದಕ್ಕೆ ಹಂಚಿಕೆ ಪತ್ರ ಬೇಕು, ಅಡ್ವಾನ್ಸ್ ರಸೀದಿ ಅಲ್ಲ.

ವೆಬ್‌ಸೈಟ್ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡು. ಆ ಫೋನಿನವನ ನಂಬರ್ ಬ್ಲಾಕ್ ಮಾಡು. ನಾಳೆ ಬೇರೆ ನಂಬರಿನಿಂದ ಮಾಡುತ್ತಾನೆ, ಅದನ್ನೂ ಮಾಡು.