ವಿಮಾನ ಮೂರೇ ಇದ್ದರೆ ಬೆಳೆಯೋದು ಹೇಗೆ?

ಕೈಯಲ್ಲಿ ನಾಲ್ಕಾರು ವಿಮಾನವೂ ಇಲ್ಲದ ಹೊಸ ಅಗ್ಗದ ಏರ್‌ಲೈನ್ ಮೊದಲ ವರ್ಷಗಳಲ್ಲಿ ಹೇಗೆ ಬೆಳೆಯುತ್ತದೆ ಅಂತ ಕೇಳಿದ್ದೀರಿ. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಕಥೆ ನೋಡಿ.

1971ರ ಜೂನ್‌ನಲ್ಲಿ ಶುರುವಾದಾಗ ಅದು ಹಾರುತ್ತಿದ್ದದ್ದು ಡಲ್ಲಾಸ್, ಹೂಸ್ಟನ್, ಸ್ಯಾನ್ ಆಂಟೋನಿಯೊ ನಡುವೆ ಮಾತ್ರ. ಮೂರೂ ಟೆಕ್ಸಾಸ್ ಒಳಗಿನ ಊರುಗಳು. ರಾಜ್ಯದ ಗಡಿ ದಾಟದ ಕಾರಣ ಕೇಂದ್ರ ಸರ್ಕಾರದ ಟಿಕೆಟ್ ದರದ ನಿಯಮ ಅದಕ್ಕೆ ತಾಗುತ್ತಿರಲಿಲ್ಲ. ಇದು ಸುಮ್ನೆ ಅದೃಷ್ಟ ಅಲ್ಲ, ಲೆಕ್ಕ ಹಾಕಿ ಆರಿಸಿಕೊಂಡ ದಾರಿ.

1972ರಲ್ಲಿ ದುಡ್ಡಿಗೆ ಎಷ್ಟು ತಾಪತ್ರಯ ಆಯಿತೆಂದರೆ, ಇದ್ದ ನಾಲ್ಕು ಬೋಯಿಂಗ್ 737ಗಳಲ್ಲಿ ಒಂದನ್ನು ಮಾರಬೇಕಾಯಿತು. ಆದರೂ ನಾಲ್ಕು ವಿಮಾನದ ವೇಳಾಪಟ್ಟಿಯನ್ನು ಮೂರರಲ್ಲೇ ನಡೆಸಲು ಹೊರಟರು. ಅದಕ್ಕೆ ವಿಮಾನ ಗೇಟಿಗೆ ಬಂದ 10 ನಿಮಿಷದಲ್ಲಿ ಮತ್ತೆ ಹೊರಡಬೇಕಿತ್ತು. ಹಾಗಾಗಿ ಗಗನಸಖಿಯರೇ ಸೀಟುಗಳ ನಡುವಿನ ಕಸ ಎತ್ತುತ್ತಿದ್ದರು. ಆಗ ಸೀಟ್ ನಂಬರ್ ಇರಲಿಲ್ಲ, ಸಿಕ್ಕ ಕಡೆ ಕೂರಬೇಕಿತ್ತು. ನೆಲದ ಮೇಲೆ ನಿಂತ ವಿಮಾನ ದುಡಿಯೋದಿಲ್ಲ ಅಲ್ವಾ?

1973ರಲ್ಲಿ ಪ್ರತಿಸ್ಪರ್ಧಿ ಬ್ರ್ಯಾನಿಫ್ ಏರ್‌ಲೈನ್ ಡಲ್ಲಾಸ್–ಹೂಸ್ಟನ್ ಟಿಕೆಟನ್ನು 13 ಡಾಲರ್‌ಗೆ ಇಳಿಸಿತು. ಸೌತ್‌ವೆಸ್ಟ್ ಕೂಡ 13 ಅಂದಿತು. ಆದರೆ ಪೂರ್ತಿ 26 ಡಾಲರ್ ಕೊಟ್ಟವರಿಗೆ ಒಂದು ಬಾಟಲಿ ಮದ್ಯ ಉಚಿತ! ಕಂಪನಿ ಖರ್ಚಿನಲ್ಲಿ ಓಡಾಡುವವರು ಜಾಸ್ತಿ ಜನ 26 ಕೊಟ್ಟೇ ಬಾಟಲಿ ಹಿಡಿದು ಹೋದರು. ಆ ವರ್ಷವೇ ಮೊದಲ ಲಾಭ.

ನಿಮ್ಮ ಲೆಕ್ಕಕ್ಕೆ ಮಾತ್ರ 10 ನಿಮಿಷ ಹಿಡಿಯಬೇಡಿ. ಈಗ 180 ಜನ ಇಳಿದು ಹತ್ತಲು 25–30 ನಿಮಿಷ ಬೇಕೇ ಬೇಕು.