ಅಪ್ಪ-ಅಮ್ಮನ ಜೊತೆ ಮೆಕ್ಸಿಕೋದ ಪ್ಲಾಯಾ ದೆಲ್ ಕಾರ್ಮೆನ್‌ಗೆ ಹೋಗ್ತಿದ್ದೇವೆ, ರೆಸಾರ್ಟ್ ಗೇಟ್ ದಾಟದೇ ಇದ್ದರೆ ಸೇಫ್ ಅಲ್ವಾ?

ನಿಮ್ಮ ಈ ಪ್ರಶ್ನೆ ಓದ್ತಾ ಇದ್ದ ಹಾಗೆ 2019ರ ನವೆಂಬರ್ ನೆನಪಾಯಿತು. ನಾವು ಡಲ್ಲಾಸ್‌ನಿಂದ ಹೊರಟಿದ್ದೆವು. ನಾನು, ಹೆಂಡತಿ, ಶಿವಮೊಗ್ಗದಿಂದ ಬಂದಿದ್ದ ಅಪ್ಪ-ಅಮ್ಮ. ನಾನೂ ನಿಮ್ಮ ಹಾಗೇ ಕಾರ್ಟೆಲ್ (ಅಲ್ಲಿನ ಡ್ರಗ್ಸ್ ಗ್ಯಾಂಗ್), ಗುಂಡು, ಅಪಹರಣ ಅಂತ ರಾತ್ರಿಯೆಲ್ಲ ಓದಿ ಹೆದರಿ, ಐದು ದಿನವೂ ಒಳಗೇ ಇದ್ದುಬಿಡೋಣ ಅಂತ ಗಟ್ಟಿ ಮಾಡಿಕೊಂಡಿದ್ದೆ. ಆ ಲೆಕ್ಕವೇ ತಪ್ಪು. ನನ್ನ 2,900 ಡಾಲರ್ ಹೋಗಿದ್ದು ಗೇಟ್ ಒಳಗೆ, ಎಸಿ ಹಾಲ್‌ನಲ್ಲಿ, ಕೈಗೆ ಜ್ಯೂಸ್ ಕೊಟ್ಟು ಅಮ್ಮನ ಸೀರೆ ಚೆನ್ನಾಗಿದೆ ಅಂದವರ ಮುಂದೆ.

ಶುರುವಾಗಿದ್ದು ಕ್ಯಾಂಕೂನ್ ವಿಮಾನ ನಿಲ್ದಾಣದಲ್ಲಿ. ಕಸ್ಟಮ್ಸ್ ಮುಗಿದ ಮೇಲೆ ಬಾಗಿಲು ತೆರೆಯುತ್ತದೆ. ಅದರಾಚೆ ರಸ್ತೆ ಇರುತ್ತೆ ಅಂದುಕೊಳ್ಳುತ್ತೀರಿ, ಅಲ್ಲಿರೋದು ಇನ್ನೊಂದು ಹಾಲ್. ಎರಡೂ ಕಡೆ ಕೌಂಟರ್, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಐಡಿ ಕಾರ್ಡ್. ನೋಡಿದರೆ ನಿಲ್ದಾಣದ ಸಿಬ್ಬಂದಿಯೇ ಅನ್ನಿಸುತ್ತದೆ. ಅವರು ಟೈಮ್‌ಶೇರ್, ಅಂದರೆ ವರ್ಷಕ್ಕೆ ಇಷ್ಟು ದಿನ ಅಂತ ರೆಸಾರ್ಟ್ ಕೋಣೆ ಬಳಸುವ ಹಕ್ಕು, ಮಾರುವವರು. ಒಬ್ಬ "ಯಾವ ಹೋಟೆಲ್ ಸರ್?" ಅಂದ. ನಾನು ನಿಂತೆ. ಹೋಟೆಲ್ ಹೆಸರು ಹೇಳಿದೆ.

ನನ್ನ ತಪ್ಪು ಅಷ್ಟೇ, ಆ ಒಂದು ಉತ್ತರ. ಯಾಕೆ ನಿಂತೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ವ್ಯಾನ್ ಮೊದಲೇ ಬುಕ್ ಮಾಡಿದ್ದೆ, ಡ್ರೈವರ್ ಹೊರಗೆ ಕಾಯುತ್ತಾನೆ ಅಂತ ಇಮೇಲ್‌ನಲ್ಲೇ ಬರೆದಿತ್ತು. ಆದರೆ "ಹೊರಗೆ" ಅಂದರೆ ಕಟ್ಟಡದಿಂದಲೇ ಹೊರಗೆ, ಬಿಸಿಲಲ್ಲಿ, ಅನ್ನೋದು ನನ್ನ ತಲೆಗೆ ಹೋಗಲಿಲ್ಲ. ಅವನು ಟ್ಯಾಬ್ ನೋಡಿ "ನಿಮ್ಮ ವ್ಯಾನ್ ಇನ್ನೂ ಇಪ್ಪತ್ತು ನಿಮಿಷ ಲೇಟ್, ತಾಯಿ ಕೂತ್ಕೊಳ್ಳಲಿ" ಅಂದ. ಅಮ್ಮ ಕೂತರು. ಅವನು ನೀರು ತಂದುಕೊಟ್ಟ. ನೀರು ಕೊಟ್ಟವನಿಗೆ ಮುಖ ತಿರುಗಿಸಿ ಹೋಗೋದು ನಮ್ಮ ಕಡೆಯವರಿಗೆ ಬರಲ್ಲ. ನಮ್ಮ ಡ್ರೈವರ್ ಅಷ್ಟೂ ಹೊತ್ತು ಹೊರಗೆ ನನ್ನ ಹೆಸರಿನ ಬೋರ್ಡ್ ಹಿಡಿದು ನಿಂತಿದ್ದ.

ಅಲ್ಲಿಂದ ಎಲ್ಲ ತಾನಾಗೇ ಉರುಳಿತು. ಚಿಚೆನ್ ಇಟ್ಜಾ ಅನ್ನೋ ಮಾಯಾ ಅವಶೇಷಗಳ ಟೂರ್ ಅರ್ಧ ಬೆಲೆಗೆ, ಅದಕ್ಕೆ ನಾಳೆ ರೆಸಾರ್ಟ್‌ನಲ್ಲಿ 90 ನಿಮಿಷ ತಿಂಡಿ ತಿನ್ನುತ್ತಾ ಅವರ ಮಾತು ಕೇಳಬೇಕು, 20 ಡಾಲರ್ ಮುಂಗಡ. ಆ 20 ಡಾಲರ್ ಇಸ್ಕೊಳ್ಳೋದೇ ಮರುದಿನ ನೀವು ಬಂದೇ ಬರಲಿ ಅಂತ. ಒಂಬತ್ತಕ್ಕೆ ಕೂತವರು ಎದ್ದಿದ್ದು ಎರಡೂವರೆಗೆ. ಮಾರುವವನು ಬಿಳಿ ಹಾಳೆಯ ಮೇಲೆ ನನಗೆ ಓದಲು ಬರಲಿ ಅಂತ ಅಂಕಿಗಳನ್ನು ತನ್ನ ಕಡೆಯಿಂದ ತಲೆಕೆಳಗಾಗಿ ಬರೆಯುತ್ತಿದ್ದ, ಅಷ್ಟು ಪಳಗಿದ ಕೈ. 31,000 ಡಾಲರ್ ಅಂತ ಬರೆದು ಗೀಟು ಹೊಡೆದ. 18,000. ಗೀಟು. ಮ್ಯಾನೇಜರ್ ಬಂದ, ಅವನ ಮೇಲಿನವನು ಬಂದ. 9,800. ಅಪ್ಪನಿಗೆ ಸಕ್ಕರೆ ಕಾಯಿಲೆ, ಊಟದ ಹೊತ್ತು ಮೀರಿತ್ತು, ಅವರು ವಾಚ್ ನೋಡ್ತಾ ಇದ್ದರೇ ಹೊರತು ಬಾಯಿ ಬಿಡಲಿಲ್ಲ. ಅಪ್ಪನ್ನ ಎಬ್ಬಿಸಿಕೊಂಡು ಹೋದರೆ ಸಾಕು ಅಂತ ಸಹಿ ಹಾಕಿದೆ. ಮುಂಗಡ 2,900 ಕಾರ್ಡ್‌ನಿಂದ ಹೋಯಿತು. ದಾಕ್ಷಿಣ್ಯಕ್ಕೆ ಬಸಿರಾಗೋದು ಅಂತಾರಲ್ಲ, ಅದೇ.

ಇದನ್ನು ಬರೆದಿಟ್ಟುಕೊಳ್ಳಿ: ಮೆಕ್ಸಿಕೋ ಕಾನೂನಿನ ಪ್ರಕಾರ ಟೈಮ್‌ಶೇರ್ ಒಪ್ಪಂದಕ್ಕೆ ಸಹಿ ಹಾಕಿ ಐದು ಕೆಲಸದ ದಿನಗಳ ಒಳಗೆ ಲಿಖಿತವಾಗಿ ರದ್ದು ಮಾಡಿದರೆ ದಂಡ ಇಲ್ಲ, ದುಡ್ಡು ವಾಪಸ್ ಕೊಡಲೇಬೇಕು. ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆಯ ಹೆಸರು ಪ್ರೊಫೆಕೊ. ನನಗೆ ಆಗ ಗೊತ್ತಿರಲಿಲ್ಲ. ಮರುದಿನವೇ ಹೋಗಿ ಬೇಡ ಅಂದೆ, "ಸೋಮವಾರ ಮ್ಯಾನೇಜರ್ ಫೋನ್ ಮಾಡ್ತಾರೆ" ಅಂದರು, ಕಾದೆ. ಫೋನ್ ಬರಲಿಲ್ಲ, ಐದು ದಿನ ಕಳೆದೇ ಹೋಯಿತು. ಬ್ಯಾಂಕ್‌ನವರು ಕೇಳಿದ್ದು ಒಂದೇ, ಸಹಿ ನಿಮ್ಮದೇ ತಾನೇ?

ಎರಡು ವರ್ಷದ ಮೇಲೆ ಒಂದು ಫೋನ್ ಬಂತು. ನಿಮ್ಮ ಟೈಮ್‌ಶೇರ್ ಕೊಳ್ಳೋಕೆ ಜನ ಸಿಕ್ಕಿದ್ದಾರೆ, ಮೊದಲು ತೆರಿಗೆ ಕಟ್ಟಿ ಅಂತ. ಹೆಂಡತಿ ಫೋನ್ ಕಸಿದು ಕಟ್ ಮಾಡಿದಳು. 2023ರಲ್ಲಿ ಅಮೆರಿಕದ ಖಜಾನೆ ಇಲಾಖೆ ಮೆಕ್ಸಿಕೋದ ಪಶ್ಚಿಮ ಕರಾವಳಿಯ ಪ್ವೆರ್ತೊ ವಯಾರ್ತಾ ಕಡೆ ಇದೇ ಥರದ ಟೈಮ್‌ಶೇರ್ ವಂಚನೆ ಮಾಡುತ್ತಿದ್ದ ಕಂಪನಿಗಳ ಮೇಲೆ ನಿರ್ಬಂಧ ಹಾಕಿತು, ಅವಕ್ಕೆ ಹಲಿಸ್ಕೊ ಕಾರ್ಟೆಲ್ ನಂಟಿದೆ ಅಂತ. ನೀವು ಹೆದರುತ್ತಿರುವ ಕಾರ್ಟೆಲ್ ನಿಮ್ಮ ಹತ್ತಿರ ಬರುವ ದಾರಿ ಇದೂ ಆಗಿರಬಹುದು.

ಇನ್ನು ಗೇಟ್ ಹೊರಗಿನ ಮಾತು. ಮೂರನೇ ದಿನ ಅಮ್ಮ "ಈ ಕೊಳದ ಹತ್ತಿರ ಎಷ್ಟು ಅಂತ ಕೂರೋದು" ಅಂದರು. ಕೊಲೆಕ್ತಿವೊ ಅನ್ನೋ ಶೇರ್ ವ್ಯಾನ್ ಹತ್ತಿ ತುಲುಮ್‌ಗೆ ಹೋದೆವು. ಅದು ನಮ್ಮ ಮಲೆನಾಡಿನ ಟೆಂಪೊ ಇದ್ದ ಹಾಗೆ, ಕೈ ಅಡ್ಡ ಹಿಡಿದರೆ ನಿಲ್ಲುತ್ತದೆ, ಸ್ಥಳೀಯರೇ ಜಾಸ್ತಿ. ಆಗ ತಲೆಗೆ 45 ಪೆಸೊ. ಇಳಿಯುವಾಗ ಅಮ್ಮ ನೀಲಿ ನೋಟು ಒಂಬತ್ತು ಎಣಿಸಿ ಕೊಟ್ಟರು. ಡ್ರೈವರ್ ಅವನ್ನು ಬಿಡಿಸಿ, ಒಂದನ್ನು ಎತ್ತಿ, ಹಿಂದೆ ತಿರುಗಿಸಿ ತಿಮಿಂಗಿಲದ ಚಿತ್ರ ತೋರಿಸಿ ವಾಪಸ್ ಕೊಟ್ಟ. ಅದು 500ರ ನೋಟು! ಆಗಿನ 20ರದ್ದೂ ನೀಲಿ, 2018ರಲ್ಲಿ ಬಂದ 500ರದ್ದೂ ನೀಲಿ, ಎರಡರಲ್ಲೂ ಹಳೆಯ ಅಧ್ಯಕ್ಷ ಬೆನಿತೊ ಹುವಾರೆಸ್ ಮುಖ. ಅವನು ಸುಮ್ನೆ ಜೇಬಿಗೆ ಹಾಕಿಕೊಂಡಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಇದೇ ಗೊಂದಲವನ್ನು ಪೆಟ್ರೋಲ್ ಬಂಕ್‌ಗಳಲ್ಲಿ ಬಳಸಿಕೊಳ್ಳುವವರೂ ಇದ್ದಾರೆ, ನೀವು 500 ಕೊಟ್ಟರೆ 20 ಕೊಟ್ಟಿದ್ದೀರಿ ಅಂತ ತೋರಿಸುತ್ತಾರೆ. ಕಾರ್ ಬಾಡಿಗೆಗೆ ತಗೊಂಡರೆ ಪೆಟ್ರೋಲ್ ಪಂಪ್‌ನ ಮೀಟರ್ ಸೊನ್ನೆಗೆ ಬಂದಿದ್ದು ನೋಡಿ, ನೋಟಿನ ಮೌಲ್ಯ ಜೋರಾಗಿ ಹೇಳಿ ಕೊಡಿ.

ಉಳಿದದ್ದು ಬೇಗ ಹೇಳುತ್ತೇನೆ. ಪೆಸೊಗೂ ಡಾಲರ್ ಚಿಹ್ನೆಯನ್ನೇ ಹಾಕುತ್ತಾರೆ, ಬಿಲ್ ನೋಡಿ ಯಾವುದು ಅಂತ ಕೇಳಿ. ಎಟಿಎಂ ಬ್ಯಾಂಕ್ ಒಳಗಿನದ್ದೇ ಇರಲಿ, "ಡಾಲರ್‌ಗೆ ಪರಿವರ್ತಿಸಲಾ" ಅಂತ ಕೇಳಿದರೆ ಬೇಡ ಅನ್ನಿ, ನಿಮ್ಮ ಬ್ಯಾಂಕಿನ ದರವೇ ಲೇಸು. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ಮಾತಾಡಿ. ತುಲುಮ್ ಮಾಯಾ ಅವಶೇಷಗಳ ಪಾರ್ಕಿಂಗ್ ಹತ್ತಿರ ಅಧಿಕಾರಿಗಳ ಹಾಗೆ ನಿಂತು ಟಿಕೆಟ್ ಮಾರುವವರನ್ನು ದಾಟಿ ಮುಂದೆ ಹೋಗಿ, ನಿಜವಾದ ಕೌಂಟರ್ ಒಳಗಿದೆ. ರಾತ್ರಿ ಪ್ಲಾಯಾದ ಮುಖ್ಯ ಬೀದಿ ಕಿಂತಾ ಅವೆನಿದಾದಲ್ಲಿ ಮಾದಕ ವಸ್ತು ಬೇಕಾ ಅಂತ ಪಿಸುಗುಟ್ಟುವವರಿಗೆ ಕಿವಿ ಕೊಡಬೇಡಿ, ಅಪಾಯ ಅನ್ನೋದು ನಿಜವಾಗಿ ಇರೋದು ಆ ವ್ಯವಹಾರದ ಸುತ್ತ. ಪಾಸ್‌ಪೋರ್ಟ್ ಲಾಕರ್‌ನಲ್ಲಿರಲಿ, ನಕಲು ಜೊತೆಗಿರಲಿ, ವೀಸಾ ಸ್ಟಾಂಪ್ ಇರುವ ಪಾಸ್‌ಪೋರ್ಟ್ ಕಳೆದುಹೋದರೆ ನಮ್ಮ ರಾಯಭಾರ ಕಚೇರಿ ಇರೋದು ದೂರದ ಮೆಕ್ಸಿಕೋ ಸಿಟಿಯಲ್ಲಿ. ಸಮುದ್ರದಲ್ಲಿ ಕೆಂಪು ಬಾವುಟ ಇದ್ದರೆ ಇಳಿಯಬೇಡಿ. ತುರ್ತಿಗೆ ಅಮೆರಿಕದ ಹಾಗೆ ಅಲ್ಲೂ 911ಕ್ಕೆ ಫೋನ್ ಮಾಡಿ.

ಈಗಲೇ ಮಾಡಬೇಕಾದ್ದು ಒಂದಿದೆ. ವ್ಯಾನ್ ಕಂಪನಿಗೆ ಬರೆದು, ಡ್ರೈವರ್ ಯಾವ ಬಾಗಿಲ ಹೊರಗೆ, ಯಾವ ಬಣ್ಣದ ಅಂಗಿಯಲ್ಲಿ ನಿಂತಿರುತ್ತಾನೆ ಅಂತ ಕೇಳಿಟ್ಟುಕೊಳ್ಳಿ. ಆ ಹಾಲ್‌ನಲ್ಲಿ ಟ್ರಾಲಿ ಅಪ್ಪನ ಕೈಗೆ ಕೊಡಬೇಡಿ, ನೀವೇ ತಳ್ಳಿ. ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೆ ಅಪ್ಪ ನಿಂತುಬಿಡುತ್ತಾರೆ.