ಫೋನ್ ಎಣಿಸಬೇಡಿ, ಚಾಪೆ ಎಣಿಸಿ

ಕೊರೊನಾದಂಥ ಕಾಯಿಲೆ ಮತ್ತೆ ಬಂದರೆ ಹೋಟೆಲ್ ಹುಡುಗರ ರೂಮಿನಲ್ಲಿ ಯಾರಿಗೆ ಹುಷಾರಿಲ್ಲ ಅಂತ ನೋಡಿಕೊಳ್ಳಲು ಯಾವ ಆಪ್ ಒಳ್ಳೆಯದು ಅಂತ ಕೇಳಿದ್ದೀರಿ. 2020ರ ಮೇ ತಿಂಗಳಲ್ಲಿ ನಾನೂ ಮುಂಬೈಯ ಅಂಧೇರಿಯಲ್ಲಿ ಕೂತು ಇದನ್ನೇ ಹುಡುಕುತ್ತಿದ್ದೆ.

ಅಲ್ಲೊಂದು ಉಡುಪಿ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಬರೀ ಪಾರ್ಸೆಲ್ ನಡೆಯುತ್ತಿತ್ತು. ಊರಿಗೆ ಹೋಗಲಾಗದ ಹನ್ನೊಂದು ಜನ ಮೇಲಿನ ಒಂದೇ ರೂಮಿನಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗುತ್ತಿದ್ದರು. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ತಂದುಕೊಟ್ಟು, ಫೋನಿನಲ್ಲಿ ತುಂಬುವ ಫಾರ್ಮ್ ಒಂದು ಮಾಡಿದೆ. ಆಕ್ಸಿಜನ್ 94ಕ್ಕಿಂತ ಇಳಿದರೆ ನನ್ನ ಶೀಟಿನಲ್ಲಿ ಹೆಸರು ಕೆಂಪಾಗುತ್ತದೆ.

ಕೆಲವರು ಎರಡೆರಡು ಸಲ ತುಂಬುತ್ತಿದ್ದರು. ಅದಕ್ಕೆ, ಒಂದೇ ನಂಬರಿನಿಂದ ಇನ್ನೊಂದು ಸಾಲು ಬಂದರೆ ಹಳೆಯದು ಅಳಿಸಿ ಹೋಗುವ ಹಾಗೆ ಮಾಡಿದೆ. ನಾನು ಎಡವಿದ್ದು ಅಲ್ಲೇ. ಮೂವರು ಕ್ಲೀನರ್ ಹುಡುಗರ ಹತ್ತಿರ ಫೋನೇ ಇರಲಿಲ್ಲ. ಫಾರ್ಮಿನಲ್ಲಿ ನಂಬರ್ ಇಲ್ಲದೆ ಮುಂದೆ ಹೋಗುವಂತಿಲ್ಲ, ಅದನ್ನು ಕಡ್ಡಾಯ ಮಾಡಿದ್ದೂ ನಾನೇ. ಅವರು ಭಟ್ರ ಫೋನಿನಲ್ಲಿ, ಭಟ್ರ ನಂಬರ್ ಹಾಕಿ ತುಂಬಿದರು. ಅಂದರೆ ಒಂದು ನಂಬರಿಗೆ ನಾಲ್ಕು ಜನ. ಎರಡನೆಯವನು ತುಂಬಿದರೆ ಮೊದಲನೆಯವನು ಮಾಯ. ಕೊನೆಗೆ ಭಟ್ರ 98 ಮಾತ್ರ ಉಳಿಯುತ್ತಿತ್ತು. ಹನ್ನೊಂದು ಸಾಲು ಇರಬೇಕಾದಲ್ಲಿ ಎಂಟೇ ಇತ್ತು. ನಾನು ಸಾಲು ಎಣಿಸಲಿಲ್ಲ, ಬಣ್ಣ ನೋಡಿದೆ. ಎಲ್ಲ ಹಸಿರು.

ಆ ಮೂವರಲ್ಲೊಬ್ಬ, ಬೈಂದೂರು ಕಡೆಯ ಹತ್ತೊಂಬತ್ತರ ಹುಡುಗ, ಮೊದಲ ದಿನ 91, ಮರುದಿನ 89 ಅಂತ ತುಂಬಿದ್ದ. ಮೂರನೇ ದಿನ ಕಷಾಯ ಹಿಡಿದು ಮೇಲೆ ಹೋದೆ. ಗೋಡೆಗೆ ಒರಗಿ ಕೂತಿದ್ದ. "ಅಣ್ಣ... ನಿನ್ನೆನೇ... ಹಾಕಿದ್ದೆ ಅಲ್ವಾ?" ಅಂದ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ. ಒಂಬತ್ತು ದಿನ ಆಕ್ಸಿಜನ್ ಮೇಲಿದ್ದು ಬದುಕಿ ಬಂದ. ಆ ಎರಡು ದಿನ ಕಳೆದದ್ದು ನನ್ನಿಂದ.

ಹಾಗಾಗಿ ಯಾವ ಆಪ್ ಅನ್ನುವ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಸರಕಾರದ ಆರೋಗ್ಯ ಸೇತು ಆಪ್ 2020ರ ಏಪ್ರಿಲ್‌ನಲ್ಲೇ ಬಂದಿತ್ತು. ಆದರೆ ಬ್ಲೂಟೂತ್‌ನಿಂದ ಯಾರ ಹತ್ತಿರ ಯಾರಿದ್ದರು ಅಂತ ಗೊತ್ತಾಗಬೇಕಾದರೆ ಇಬ್ಬರ ಫೋನಿನಲ್ಲೂ ಅದು ಇರಬೇಕಿತ್ತು. ಕೀಪ್ಯಾಡ್ ಫೋನಿನವರಿಗೆ 1921ಕ್ಕೆ ಮಿಸ್ಡ್ ಕಾಲ್ ಕೊಡುವ ದಾರಿ ಮಾಡಿದರು, ಸರಿ. ಫೋನೇ ಇಲ್ಲದವನು? ಧಾರಾವಿಯಲ್ಲಿ ಆರೋಗ್ಯದವರು ಥರ್ಮಾಮೀಟರ್, ಆಕ್ಸಿಮೀಟರ್ ಹಿಡಿದು ಮನೆಮನೆಗೇ ಹೋದರು. ನಮ್ಮಂಥ ರೂಮುಗಳಿಗೆ ಬೇಕಾದದ್ದು ಅದೇ.

ಶೀಟ್ ಇರಲಿ, ಬೇಡ ಅನ್ನುವುದಿಲ್ಲ. ಚಾಪೆಗೊಂದು ಸಾಲು ಮಾಡಿ. ನಂಬರ್ ಖಾಲಿ ಇದ್ದರೂ ಆ ಸಾಲು ಉಳಿಯಬೇಕು. ಇವತ್ತಿನ ಲೆಕ್ಕ ಬಾರದ ಸಾಲು ಕೆಂಪಾಗಲಿ. ಹಳೆಯದು ಯಾವುದನ್ನೂ ಅಳಿಸಬೇಡಿ. ಇನ್ನೊಂದು, ಪಾತ್ರೆ ತೊಳೆದು ಬಂದ ತಣ್ಣನೆ ಬೆರಳಿಗೆ ಆಕ್ಸಿಮೀಟರ್ ಸರಿಯಾಗಿ ತೋರಿಸುವುದಿಲ್ಲ. ಕೈ ಒರೆಸಿ, ಉಜ್ಜಿ ಬೆಚ್ಚಗೆ ಮಾಡಿಸಿ, ಒಂದು ನಿಮಿಷ ಬಿಟ್ಟು ನೋಡಿ. ನಂಬರನ್ನು ನೀವೇ ಕಣ್ಣಾರೆ ನೋಡಿ ಬರೆದುಕೊಳ್ಳಿ.

ನಿಮ್ಮಲ್ಲಿ ಎಷ್ಟು ರೂಮು, ಎಷ್ಟು ಜನ ಅಂತ ಹೇಳಿ, ನಾನು ಆಮೇಲೆ ಸರಿಮಾಡಿದ ಶೀಟ್ ಕಳಿಸುತ್ತೇನೆ.